ಏರ್‌ಗನ್ ರಿಪೇರಿಯಾದ ನದಿ ದಂಡೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮಿಸೌರಿ ನದಿಯ ದಂಡೆಗೆ ಅಂಟಿಕೊಂಡು ಫೋರ್ಟ್ ಬೆಂಟನ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 20 ಕಿಲೋಮೀಟರ್ ಸಾಗಿದರೆ ಲೋಮಾ ಎಂಬ ಪುಟ್ಟ ಊರು. ಊರ ಬಳಿಯ ಗುಡ್ಡವನ್ನು ಕಾಲುದಾರಿಯಲ್ಲಿ ಏರಿ ನಿಂತರೆ, ಉತ್ತರದಿಂದ ಬರುವ ಮರಾಯಸ್ ನದಿ ಮಿಸೌರಿಯನ್ನು ಸೇರುವ ಬಯಲು ಕಾಣುತ್ತದೆ. ಈ ಗುಡ್ಡಕ್ಕೆ ‘ಡಿಸಿಷನ್ ಪಾಯಿಂಟ್’, ಅಂದರೆ ನಿರ್ಧಾರದ ಜಾಗ ಎಂದೇ ಹೆಸರು.

1805ರ ಜೂನ್ 2ರ ಸಂಜೆ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಅವರ ತಂಡ ಇಲ್ಲಿಗೆ ಬಂದು ತಲುಪಿತು. ಪೆಸಿಫಿಕ್ ಸಾಗರಕ್ಕೆ ದಾರಿ ಹುಡುಕಲು ಅಧ್ಯಕ್ಷ ಜೆಫರ್‌ಸನ್ ಕಳಿಸಿದ್ದ ತಂಡವದು. ಒಟ್ಟು 33 ಮಂದಿ. ಅವರಲ್ಲಿ ಶೊಶೋನಿ ಬುಡಕಟ್ಟಿನ ಯುವತಿ ಸಕಗಾವಿಯಾ ಮತ್ತು ಅವಳ ನಾಲ್ಕು ತಿಂಗಳ ಕೂಸೂ ಸೇರಿದ್ದರು. ಎದುರಿಗೆ ಎರಡು ನದಿಗಳು. ನಿಜವಾದ ಮಿಸೌರಿ ಯಾವುದು? ತಪ್ಪು ನದಿ ಹಿಡಿದರೆ ಬೇಸಿಗೆ ಕಳೆದು, ಪರ್ವತ ದಾಟುವ ಮೊದಲೇ ಹಿಮ ಬೀಳುವ ಭಯ.

ಉತ್ತರದ ನದಿ ಅಲ್ಲಿಯವರೆಗಿನ ಮಿಸೌರಿಯಂತೆಯೇ ಕಂದು ಬಣ್ಣದ ಕೆಸರು ನೀರು. ಅದೇ ಸರಿಯಾದ ದಾರಿ ಎಂದು ತಂಡದವರೆಲ್ಲ ನಂಬಿದ್ದರು. ಇಬ್ಬರು ನಾಯಕರು ಮಾತ್ರ ಬೇರೆ ಬಗೆಯಲ್ಲಿ ಯೋಚಿಸಿದರು. ದಕ್ಷಿಣದ ನದಿಯ ನೀರು ತಿಳಿ, ತಳದಲ್ಲಿ ನುಣುಪಾದ ಉರುಟು ಕಲ್ಲುಗಳು. ಪರ್ವತದಿಂದ ಇಳಿದು ಬರುವ ನದಿಯ ಲಕ್ಷಣವದು. ಬಹುಕಾಲ ಬಯಲಿನಲ್ಲಿ ಹರಿದ ನದಿಯಷ್ಟೇ ಕೆಸರು ಹೊತ್ತು ತರುತ್ತದೆ. ಇಬ್ಬರೂ ಒಂದೊಂದು ನದಿಯ ಗುಂಟ ದಿನಗಟ್ಟಲೆ ನಡೆದು ನೋಡಿ ಬಂದ ಮೇಲೆ ದಕ್ಷಿಣದ ದಾರಿಯೇ ನಿಶ್ಚಯವಾಯಿತು.

ಹೊರಡುವ ಮುನ್ನ ಹೊರೆ ಇಳಿಸಬೇಕಿತ್ತು. ಜೂನ್ 10ರಂದು ನೆಲದಲ್ಲಿ ಹಗೇವಿನಂಥ ಗುಂಡಿ ತೋಡಿ ಹಿಟ್ಟು, ಉಪ್ಪು, ಕೊಡಲಿಗಳನ್ನು ಬಚ್ಚಿಟ್ಟರು. ಕಮ್ಮಾರನ ತಿದಿ, ಸುತ್ತಿಗೆ, ಇಕ್ಕಳಗಳೂ ಆ ಗುಂಡಿ ಸೇರಿದವು. ಸಕಗಾವಿಯಾ ಅಂದೇ ತೀವ್ರವಾಗಿ ಕಾಯಿಲೆ ಬಿದ್ದಳು. ಇಷ್ಟೆಲ್ಲದರ ನಡುವೆ ಜಾನ್ ಶೀಲ್ಡ್ಸ್ ಎಂಬ ಕಮ್ಮಾರ ಲೂಯಿಸ್‌ನ ಏರ್‌ಗನ್ನಿಗೆ ಹೊಸ ಮುಖ್ಯ ಸ್ಪ್ರಿಂಗ್ ಕೂರಿಸಿದ. ಯಾರ ಬಳಿಯೂ ಕ್ರಮವಾಗಿ ಕಸುಬು ಕಲಿಯದಿದ್ದರೂ ತನ್ನ ಹತಾರಗಳನ್ನು ತಾನೇ ಮಾಡಿಕೊಳ್ಳುವ ಈ ಮನುಷ್ಯನನ್ನು ಲೂಯಿಸ್ ದಿನಚರಿಯಲ್ಲಿ ಮನಸಾರೆ ಮೆಚ್ಚಿಕೊಂಡಿದ್ದಾನೆ.

ಅದು ಜಾತ್ರೆಯಲ್ಲಿ ಬಲೂನು ಒಡೆಯುವ ಕೋವಿಯಂಥದ್ದಲ್ಲ. ಆಸ್ಟ್ರಿಯಾದ ಸೇನೆ 1780ರ ಸುಮಾರಿಗೆ ಬಳಕೆಗೆ ತಂದ ಜಿರಾರ್ಡೋನಿ ಮಾದರಿಯದು ಎಂಬುದು ಹೆಚ್ಚಿನ ಸಂಶೋಧಕರ ಅಭಿಪ್ರಾಯ. ಇದರ ಹಿಡಿಯೇ ಗಾಳಿ ತುಂಬುವ ಲೋಹದ ಬುರುಡೆ. ಕೈಪಂಪಿನಿಂದ ಸುಮಾರು 1,500 ಬಾರಿ ಒತ್ತಿದರೆ ಅದು ತುಂಬುತ್ತಿತ್ತು. ಕುದುರೆ ಎಳೆದಾಗ ಸ್ಪ್ರಿಂಗ್‌ನ ಬಲದಿಂದ ಸುತ್ತಿಗೆ ಬಡಿದು ಕವಾಟ ಕ್ಷಣಮಾತ್ರ ತೆರೆದುಕೊಳ್ಳುತ್ತದೆ. ಒಂದು ಗುಂಡಿಗೆ ಬೇಕಾದಷ್ಟೇ ಗಾಳಿ ಹೊರನುಗ್ಗುತ್ತದೆ. ಒಮ್ಮೆ ತುಂಬಿದರೆ 20ಕ್ಕೂ ಹೆಚ್ಚು ಗುಂಡು. ಹೊಗೆಯಿಲ್ಲ, ಮದ್ದು ಬೇಕಿಲ್ಲ. ದಾರಿಯಲ್ಲಿ ಸಿಕ್ಕ ಬುಡಕಟ್ಟುಗಳ ಜನ ಇದನ್ನು ಕಂಡು ಬೆರಗಾಗಿದ್ದರು.

ಆದರೆ ಗಾಳಿಯನ್ನು ಹಿಡಿದಿಡುವುದೇ ದೊಡ್ಡ ಕಷ್ಟ. ಅಂದಿನ ವಾಷರ್‌ಗಳು ಚರ್ಮದವು. ಸೈಕಲ್ ಪಂಪಿನ ಚರ್ಮದ ವಾಷರ್ ಒಣಗಿದಾಗ ಎಷ್ಟು ಒತ್ತಿದರೂ ಗಾಳಿ ಏರದಿರುವುದನ್ನು ಮನೆಯ ಹಿರಿಯರು ಬಲ್ಲರು. ಜಿರಾರ್ಡೋನಿಯ ಚರ್ಮವೂ ಹಾಗೆಯೇ. ತೇವದಿಂದ ಉಬ್ಬಿದ್ದರೆ ಮಾತ್ರ ಸಂದು ಮುಚ್ಚುತ್ತಿತ್ತು.

ಇಂದಿನ ಏರ್ ರೈಫಲ್‌ಗಳಲ್ಲಿ ಚರ್ಮದ ಸ್ಥಾನವನ್ನು ರಬ್ಬರ್ ಉಂಗುರಗಳು ಪಡೆದಿವೆ. ರಿಪೇರಿಯ ನಿಯಮ ಮಾತ್ರ ಕಟ್ಟುನಿಟ್ಟು. ಮೊದಲು ಗುಂಡು ತೆಗೆಯಬೇಕು. ಆಮೇಲೆ ಗಾಳಿಯನ್ನು ಪೂರ್ತಿ ಖಾಲಿ ಮಾಡಬೇಕು. ಅನಂತರವೇ ತಿರುಪು ಬಿಚ್ಚಬೇಕು. ಹೊಸ ಉಂಗುರಕ್ಕೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸನ್ನೇ ಸವರಬೇಕು. ಸಾಮಾನ್ಯ ಎಣ್ಣೆ ಭಾರಿ ಒತ್ತಡದ ಗಾಳಿಯಲ್ಲಿ ಹೊತ್ತಿಕೊಂಡು ಸಿಡಿಯಬಲ್ಲದು. ಸ್ಪ್ರಿಂಗ್ ಮಾದರಿಯಾದರೆ ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿ ಮುಖಕ್ಕೆ ಬಡಿಯಬಹುದು. ಅದನ್ನು ಹಿಡಿಯುವ ಸಾಧನವಿಲ್ಲದೆ ಬಿಚ್ಚುವಂತಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದನ್ನು ಓದಿ ಈ ಕ್ರೀಡೆಗೆ ಮನಸೋತ ಮಕ್ಕಳಿದ್ದರೆ, ಈ ಕೆಲಸ ಬಲ್ಲವರ ಎದುರಿಗೇ ನಡೆಯಲಿ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಕೋವಿ ಸಾಕ್ಷಿ. 1803ರ ಆಗಸ್ಟ್ ಕೊನೆಯಲ್ಲಿ, ಪಿಟ್ಸ್‌ಬರ್ಗ್‌ನಿಂದ ಹೊರಟ ಮೊದಲ ದಿನವೇ, ಲೂಯಿಸ್ ಇದನ್ನು ನೋಡಲೆಂದು ಬೇರೊಬ್ಬನ ಕೈಗೆ ಕೊಟ್ಟ. ಅವನ ಕೈಯಲ್ಲಿ ಅದು ಹಾರಿ, ದೂರದಲ್ಲಿದ್ದ ಮಹಿಳೆಯೊಬ್ಬಳ ತಲೆಯನ್ನು ಗುಂಡು ಸವರಿಕೊಂಡು ಹೋಯಿತು. ಅವಳು ಬದುಕಿದ್ದೇ ಪುಣ್ಯ.

ಜೂನ್ 13ರಂದು ಲೂಯಿಸ್‌ಗೆ ಮಹಾ ಜಲಪಾತದ ಸದ್ದು ಕೇಳಿಸಿತು. ಮಿಸೌರಿಯಲ್ಲಿ ಇಂಥದೊಂದು ಜಲಪಾತವಿದೆ ಎಂದು ಹಿಡಾಟ್ಸಾ ಜನ ಮೊದಲೇ ತಿಳಿಸಿದ್ದರು. ಆರಿಸಿದ ನದಿ ಸರಿಯಾಗಿತ್ತು. ಅಲ್ಲಿನ ಗಂಧಕದ ಬುಗ್ಗೆಯ ನೀರು ಕುಡಿದ ಸಕಗಾವಿಯಾ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಳು. ಆಗಸ್ಟ್ 7ರಂದು ಕೋವಿ ಮತ್ತೆ ಕೆಟ್ಟಾಗ, ಸ್ಥಳ ತಪ್ಪಿದ್ದ ಗುರಿಕಾಯಿಯನ್ನು ಲೂಯಿಸ್ ತಾನೇ ಸರಿಪಡಿಸಿದ.

1806ರ ಜುಲೈ ಕೊನೆಯಲ್ಲಿ ಲೂಯಿಸ್ ಮತ್ತೆ ಇಲ್ಲಿಗೆ ಬಂದಾಗ ಗುಂಡಿ ಕುಸಿದು ಅನೇಕ ವಸ್ತುಗಳು ಹಾಳಾಗಿದ್ದವು. ಇಲ್ಲೇ ಅಡಗಿಸಿಟ್ಟಿದ್ದ ಕೆಂಪು ದೋಣಿ ಕೊಳೆತಿತ್ತು. ನೆಲಕ್ಕೆ ಒಪ್ಪಿಸಿದ್ದು ಹೀಗಾಯಿತು. ಶೀಲ್ಡ್ಸ್‌ನ ಕೈಚಳಕ ಮಾತ್ರ ಸಾಗರದವರೆಗೂ ತಂಡದ ಜೊತೆಗೇ ಹೋಗಿ ಬಂದಿತ್ತು. ಅವನಿಲ್ಲದಿದ್ದರೆ ತಮ್ಮ ಬಹುಪಾಲು ಕೋವಿಗಳು ನಿರುಪಯೋಗಿಯಾಗುತ್ತಿದ್ದವು ಎಂದು ಲೂಯಿಸ್ ಸಾಗರ ತೀರದಲ್ಲಿ ಕುಳಿತು ಬರೆದಿದ್ದಾನೆ.