ಧ್ರುವವೂ ಎಳೆಯುವ ಗೆರೆ

ಚಿಕ್ಕಮಗಳೂರಿನ ಸಮೀಪದ ಹಿರೇಕೊಳಲೆ ಕೆರೆಯ ದಡದಿಂದ ನಕ್ಷತ್ರಗಳ ಪಥವನ್ನು ಸೆರೆಹಿಡಿಯುವುದು ಮಾಗಿಯ ಇರುಳುಗಳಲ್ಲಿ ನನ್ನ ಹವ್ಯಾಸ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ನಿಲ್ಲಿಸಿ, 30 ಸೆಕೆಂಡುಗಳ ಚಿತ್ರಗಳನ್ನು ಮೂರು ಗಂಟೆ ಎಡೆಬಿಡದೆ ತೆಗೆದರೆ ಸುಮಾರು 360 ಚಿತ್ರಗಳಾಗುತ್ತವೆ. ಗಣಕಯಂತ್ರದಲ್ಲಿ ಅವನ್ನು ಒಂದರ ಮೇಲೊಂದಿರಿಸಿ, ಪ್ರತಿ ಬಿಂದುವಿನಲ್ಲಿಯೂ ಅತ್ಯಂತ ಪ್ರಕಾಶಮಾನವಾದುದನ್ನಷ್ಟೇ ಉಳಿಸಿಕೊಂಡಾಗ ಚುಕ್ಕೆಗಳು ಕಮಾನುಗಳಾಗುತ್ತವೆ. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಪ್ರತಿ ಕಮಾನೂ ಧ್ರುವದ ಸುತ್ತ 45 ಡಿಗ್ರಿ ಹರಡುತ್ತದೆ.

ನಮ್ಮ ಸೀಮೆಯ ಅಕ್ಷಾಂಶ ಸುಮಾರು 13 ಡಿಗ್ರಿಯಾದಕಾರಣ ಧ್ರುವನಕ್ಷತ್ರವು ದಿಗಂತದಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅದೂ ಒಂದು ಪುಟ್ಟ ಗೆರೆ! ಖಗೋಳದ ನಿಜವಾದ ಧ್ರುವಬಿಂದುವಿನಿಂದ ಒಂದು ಡಿಗ್ರಿಗಿಂತ ಕಡಿಮೆ ದೂರದಲ್ಲಿದ್ದು, ಅದೂ ಆ ಬಿಂದುವನ್ನು ಸುತ್ತುವಂತೆ ತೋರುತ್ತದೆ.

“ಅದನ್ನು ಚುಕ್ಕೆ ಮಾಡಿಬಿಡಿ, ಧ್ರುವ ಅಲುಗಬಾರದು” ಎಂದು ಚಿತ್ರ ನೋಡಿದ ಹಿರಿಯರೊಬ್ಬರು ಸೂಚಿಸಿದರು. ವಿನಯದಿಂದಲೇ ಒಲ್ಲೆನೆಂದೆ. ವಿಮಾನಗಳ ಬೆಳಕಿನ ಗೀಟುಗಳನ್ನು ಅಳಿಸುತ್ತೇನೆ. ತಾರೆಯ ಪಥವನ್ನು ಮುಟ್ಟುವುದಿಲ್ಲ. ಬಂಧುಗಳೇ, ನಮ್ಮ ನಂಬಿಕೆಗೆ ಒಪ್ಪುವಂತೆ ಆ ಗೆರೆಯನ್ನು ತಿದ್ದಿದರೆ ಚಿತ್ರವು ಚೆಲುವಾದೀತು, ಆಗಸಕ್ಕೆ ಸಾಕ್ಷಿಯಾಗಲಾರದು.