ವಿಜಯನಗರಕ್ಕೂ ಹಿರಿಯ ಬಾಗಳಿ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ತಿಂದು ಬಸ್ ಹತ್ತಿದ್ದೀರಿ. ಬಾಗಳಿ ಇಲ್ಲಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಸುಗ್ಗಿಯ ಕಾಲ. ಡಾಂಬರಿನ ಅರ್ಧಕ್ಕೆ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲು ಇಟ್ಟಿದ್ದಾರೆ. ಡ್ರೈವರ್ ವೇಗ ತಗ್ಗಿಸಿ ಕಾಳು ತುಳಿಯದಂತೆ ಪಕ್ಕಕ್ಕೆ ಸರಿಯುತ್ತಾರೆ.

"ಬಾಗಳಿ ಇಳಿಯೋರು ಮುಂದಕ್ಕ ಬರ್ರೀ!"

ಇಳಿಯುತ್ತೀರಿ. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರನ್ನು ಗುಡಿ ಎಲ್ಲಿ ಎಂದು ಕೇಳಿದರೆ, ಕೈ ತೋರಿಸುವ ಮೊದಲೇ "ಯಾವೂರಾತ್ರೀ ನಿಮ್ದು?" ಎಂಬ ಪ್ರಶ್ನೆ. ನೀವು ಊರು, ಜಿಲ್ಲೆ ಹೇಳುತ್ತೀರಿ. ಅವರು ನಗುತ್ತಾರೆ: "ನಮ್ದು ಇದಾ ಊರು ನೋಡ್ರಿ. ಊರು ಅಲ್ಲೇ ಐತಿ, ಜಿಲ್ಲೆ ಮಾತ್ರ ಬದಲಾಗ್ಯಾವ."

ಆ ಮಾತಿನಲ್ಲಿ ಒಂದು ಸೀಮೆಯ ಚರಿತ್ರೆಯೇ ಇದೆ. ಪಾಳೆಯಗಾರರು ಆಳಿದ ಹರಪನಹಳ್ಳಿ, ಬ್ರಿಟಿಷರ ಕಾಲಕ್ಕೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಯ ಪಾಲಾಯಿತು. ಬಳ್ಳಾರಿಗಿಂತ ದಾವಣಗೆರೆ ಬಹಳ ಹತ್ತಿರ. ಕಚೇರಿ, ಆಸ್ಪತ್ರೆಗೆ ಓಡಾಡುವವರಿಗೆ ಅನುಕೂಲವೇ ಆಗಿತ್ತು. ಆದರೆ ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ವಿಧಿಯ ವಿಶೇಷ ಸ್ಥಾನಮಾನ ಸಿಕ್ಕಾಗ, ದಾವಣಗೆರೆಯಲ್ಲಿದ್ದ ಈ ತಾಲ್ಲೂಕು ಹೊರಗುಳಿಯಿತು. ಜನ ಹೋರಾಡಿದರು. 2018ರಲ್ಲಿ ಸ್ಥಾನಮಾನದೊಂದಿಗೆ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಜಿಲ್ಲೆ.

ರೈಲಿಗೂ ಹೀಗೇ ಕಾಯಬೇಕಾಯಿತು. 1905ರಲ್ಲಿ ಹೊಸಪೇಟೆಯಿಂದ ಬಂದ ಮೀಟರ್‌ಗೇಜ್ ಹಳಿ ಕೊಟ್ಟೂರಿಗೇ ನಿಂತಿತು. ಅದು ಹರಪನಹಳ್ಳಿ ದಾಟಿ ಹರಿಹರ ಮುಟ್ಟಲು ನೂರು ವರ್ಷ ಮೀರಿತು.

ಹಿರಿಯರು ತೋರಿದ ದಾರಿ ಹಿಡಿದು ಕಲ್ಲೇಶ್ವರನ ಗುಡಿಗೆ ಬಂದಿರಿ. ಚಪ್ಪಲಿ ಬಿಟ್ಟು ಸಭಾಮಂಟಪ ಹತ್ತಿದರೆ ಹೊರಗಿನ ಬಿಸಿಲು ಒಮ್ಮೆಲೇ ಹಿಂದಾಗುತ್ತದೆ. ಸುತ್ತ ಐವತ್ತು ಕಂಬ. ಒಂದರ ಹತ್ತಿರ ಹೋಗಿ ನಿಲ್ಲಿ. ಕೆಳಗೆ ಚೌಕದ ಪೀಠ, ಮೇಲೆ ಚರಕಿಯಲ್ಲಿ ತಿರುಗಿಸಿ ಕಡೆದ ದುಂಡು ಭಾಗ, ಒಂದರ ಮೇಲೊಂದು ಸಣ್ಣ ಬಳೆಗಳು. ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಇಂಥ ಕಂಬ ಒಂದೆರಡು ಮಾಡಿ ಕೈಬಿಡದೆ ಮಂಟಪ ತುಂಬ ನಿಲ್ಲಿಸಿದವರ ತಾಳ್ಮೆಗೆ ಕೈ ಮುಗಿಯಬೇಕು.

ರಾಷ್ಟ್ರಕೂಟರ ಕಾಲದಲ್ಲಿ ಶುರುವಾದ ಈ ಕೆಲಸ ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಕಾಲದವರೆಗೂ ನಡೆಯಿತು. 987ರ ಶಾಸನ ಇಲ್ಲಿ ದೇವರನ್ನು ಪ್ರತಿಷ್ಠಾಪಿಸಿದ ದುಗ್ಗಿಮಯ್ಯನ ಹೆಸರು ಹೇಳುತ್ತದೆ. ಅರಮನೆ ಬದಲಾದರೂ ಉಳಿ ನಿಲ್ಲಲಿಲ್ಲ. ಬಡಗಣದ ಕಡೆ ಸೂರ್ಯನಿಗೊಂದು ಗುಡಿ ಇದೆ. ಇಲ್ಲಿ ಸಿಕ್ಕ ಕನ್ನಡ ಶಾಸನಗಳು ಮೂವತ್ತಕ್ಕೂ ಹೆಚ್ಚು; ಅವುಗಳಲ್ಲಿ ಈ ಊರು ಬಾಳ್ಗಳಿ. ಮದ್ರಾಸ್ ಸರ್ಕಾರದ ಪುರಾತತ್ವ ವಿದ್ವಾಂಸ ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ ತಂದಾಗ ಬಾಗಳಿಯ ಜೊತೆ ನೀಲಗುಂದ, ಕುರುವತ್ತಿ, ಹೂವಿನಹಡಗಲಿ, ಹಿರೇಹಡಗಲಿ, ಮಾಗಳಗಳ ಗುಡಿಗಳನ್ನೂ ಅಳೆದು ಬರೆಸಿದರು.

ವಿಜಯನಗರ ಸಾಮ್ರಾಜ್ಯ ಹುಟ್ಟಿದ್ದು 1336ರಲ್ಲಿ. ಈ ಕಂಬಗಳಿಗೆ ಆಗಲೇ ಮುನ್ನೂರು ವರ್ಷ ದಾಟಿತ್ತು. ಜಿಲ್ಲೆ ತನ್ನ ಹೆಸರನ್ನು ಹಂಪಿಯ ಆ ಸಾಮ್ರಾಜ್ಯದಿಂದ ಪಡೆದದ್ದು ಸರಿಯೇ. ಆದರೆ ಆ ಸಾಮ್ರಾಜ್ಯಕ್ಕಿಂತ ಹಿರಿಯದಾದ ಈ ಪರಂಪರೆಯನ್ನು ಮರೆತರೆ ಜಿಲ್ಲೆಗೆ ತನ್ನ ಅರ್ಧ ಬಾಳೇ ಗೊತ್ತಿಲ್ಲದಂತೆ. ಹಂಪಿ ನೋಡಲು ಹೊರಟವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಇತ್ತ ಬರಬೇಕು. ಹೊಸಪೇಟೆಯಿಂದ ಹರಿಹರದ ರೈಲು ಹಿಡಿದು ಹರಪನಹಳ್ಳಿಗೆ ಇಳಿದರಾಯಿತು. ಆ ನಿಲ್ದಾಣದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬಾಗಳಿಗೆ ದಾರಿ ತೋರುವ ದೊಡ್ಡ ಫಲಕ ಇರಬೇಕು. ತಾಲ್ಲೂಕಿನ ಪ್ರತಿ ಶಾಲೆಯ ಮಕ್ಕಳೂ ವರ್ಷಕ್ಕೊಮ್ಮೆ ಇಲ್ಲಿಗೆ ಬಂದು, ಬಲ್ಲವರಿಂದ ಶಾಸನ ಓದಿಸಿಕೊಳ್ಳಬೇಕು. ತಮ್ಮ ನೆಲದ ಚರಿತ್ರೆ ಅವರಿಗೆ ಮೊದಲು ತಿಳಿಯಲಿ.