ಹೊಗೆಯುಂಡ ಚೀಸು

ಹೋದ ಮಾಘಮಾಸದಲ್ಲಿ ನಮ್ಮ ಮಗನು ಕೋಲ್ಕತ್ತದಿಂದ ಬರುವಾಗ ಅಲ್ಲಿಯ ನ್ಯೂ ಮಾರ್ಕೆಟ್ಟಿನಿಂದ ಬ್ಯಾಂಡೆಲ್ ಚೀಸಿನ ಪುಟ್ಟ ಬಿಲ್ಲೆಗಳನ್ನು ತಂದನು. ಹೂಗ್ಲೀ ತೀರದ ಬ್ಯಾಂಡೆಲಿನಲ್ಲಿ ನೆಲಸಿದ್ದ ಪೋರ್ಚುಗೀಸರಿಂದ ಇದು ಬಂದುದೆಂದು ಪ್ರತೀತಿ. ಹಸುವಿನ ಹಾಲನ್ನು ಹುಳಿಯಿಂದ ಒಡೆಯಿಸಿ, ನೀರು ಬಸಿದು, ಉಪ್ಪು ಬೆರಸಿ ಬಿಲ್ಲೆಗಟ್ಟುವರು. ಬಿಳಿಯದು ಒಂದು ಬಗೆ. ಹೊಗೆಯಲ್ಲಿಟ್ಟು ಕಂದಾಗಿಸಿದುದು ಇನ್ನೊಂದು. ಹೊಗೆಯು ಮೇಲ್ಮೈಯ ತೇವವನ್ನು ಆರಿಸಿ, ಬೇಗನೆ ಕೆಡದಂತೆ ಕಾಯುವುದು. ಪೋಲೆಂಡಿನ ತಾತ್ರಾ ಪರ್ವತದ ಕುರುಬರೂ ಕುರಿಯ ಹಾಲಿನ ಚೀಸನ್ನು ಉಪ್ಪುನೀರಿನಲ್ಲಿ ನೆನೆಯಿಸಿ, ಗುಡಿಸಲಿನ ಸೂರಿನಡಿಯಲ್ಲಿ 14 ದಿನಗಳವರೆಗೂ ಹೊಗೆಗೊಡ್ಡುವರು.

ಬಿಲ್ಲೆಯೊಂದನ್ನು ರಾತ್ರಿ ನೀರಿನಲ್ಲಿಟ್ಟು ಉಪ್ಪು ತಗ್ಗಿಸಿ, ಬೆಳಗ್ಗೆ ಬಾಯಿಗಿಟ್ಟೆವು. ಒಡನೆಯೇ ನಮ್ಮ ತಾಯಿಯವರ ಅಡುಗೆಮನೆಯು ನೆನಪಿಗೆ ಬಂದಿತು. ಸೌದೆಯ ಒಲೆ, ಮಸಿಹಿಡಿದ ಅಟ್ಟ, ಊದುಗೊಳವೆ, ನೀರಿಳಿಯುತ್ತಿದ್ದ ಅವರ ಕಣ್ಣುಗಳು. ಕಡೆಗಾಲದಲ್ಲಿ ಆ ಕಣ್ಣುಗಳು ನಮ್ಮ ಮುಖವನ್ನೂ ಗುರುತಿಸದಾದುವು.

ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬೇಕೆಂಬ ತರ್ಕಪಾಠವನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದೆವು. ಆ ಬೆಂಕಿಯ ಮುಂದೆ ಕುಳಿತವರನ್ನು ಮಾತ್ರ ಊಹಿಸಲಿಲ್ಲ. ಗೋಡೆಯಲ್ಲೊಂದು ಹೊಗೆಗಂಡಿಯನ್ನು ತೆಗೆಯಿಸಲು ಒಂದು ದಿನದ ಕೂಲಿ ಸಾಕಾಗಿದ್ದಿತು. ಸೌದೆಯ ಒಲೆಯು ಇನ್ನೂ ಉರಿಯುತ್ತಿರುವ ಮನೆಯ ವಾಚಕರು ಅದನ್ನು ಇಂದೇ ಮಾಡಿಸಲಿ.